ರಾತ್ರಿ ಬೆವರು: ಮಾತ್ರೆಯ ಅಡ್ಡ ಪರಿಣಾಮವೇ, ಕ್ಯಾನ್ಸರಿನ ಲಕ್ಷಣವೇ?

ಪ್ರಶ್ನೆ
ಕೇಳಿದವರು: ಶಿಕ್ಷಕಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಥೈರಾಯ್ಡ್ ಕೊರತೆಗಾಗಿ ಥೈರಾಕ್ಸಿನ್ 75 ಮೈಕ್ರೋಗ್ರಾಂ ಮಾತ್ರೆಯನ್ನು ಬಹಳ ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ನಮ್ಮ ದೊಡ್ಡಮ್ಮನ ಮಗ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೂ ಮೊದಲು ಕಾಣಿಸಿಕೊಂಡದ್ದು ರಾತ್ರಿಯ ಬೆವರು ಮತ್ತು ಸಂಜೆಯ ಜ್ವರ ಎಂದು ಅತ್ತಿಗೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿದೆ.

ಅಣ್ಣ ಹೋದ ಮೇಲೆ ನನಗೆ ನಿದ್ರೆ ಕೆಟ್ಟಿತು, ಎದೆ ಡವಗುಟ್ಟುವುದು, ಕಾರಣವಿಲ್ಲದೆ ಗಾಬರಿಯಾಗುವುದು ಶುರುವಾಯಿತು. ಮೈಸೂರಿನ ಮನೋವೈದ್ಯರೊಬ್ಬರು ಗಾಬರಿ, ಖಿನ್ನತೆಗಳಿಗೆ ಕೊಡುವ ಎಸ್‌ಸಿಟಾಲೊಪ್ರಾಮ್ 5 ಮಿಲಿಗ್ರಾಂ ಬರೆದುಕೊಟ್ಟು, ಯುಗಾದಿಯ ಸುಮಾರಿಗೆ ಅದನ್ನು 10 ಮಿಲಿಗ್ರಾಂಗೆ ಏರಿಸಿದರು. ಗಾಬರಿ ಬಹಳ ಮಟ್ಟಿಗೆ ಇಳಿಯಿತು. ಆದರೆ ಮಾತ್ರೆಯ ಪ್ರಮಾಣ ಹೆಚ್ಚಿಸಿದ ಒಂದೆರಡು ವಾರಗಳಲ್ಲೇ ರಾತ್ರಿ ಎರಡು ಗಂಟೆಯ ಹೊತ್ತಿಗೆ ಕುತ್ತಿಗೆ, ಎದೆ, ಬೆನ್ನು ತೊಯ್ದು ಎಚ್ಚರವಾಗತೊಡಗಿತು. ಕೆಲವು ರಾತ್ರಿ ನೈಟಿ ಬದಲಾಯಿಸಬೇಕಾಗುತ್ತದೆ, ಕೆಲವು ರಾತ್ರಿ ದಿಂಬು ಮಾತ್ರ ಒದ್ದೆಯಾಗಿರುತ್ತದೆ. ಮನೆಯ ಮೇಲೆ ತಾರಸಿ ಇರುವುದರಿಂದ ಬೇಸಿಗೆಯ ಸೆಕೆ ಇದ್ದೇ ಇದೆ, ಆದರೆ ಪಕ್ಕದಲ್ಲೇ ಮಲಗುವ ನಮ್ಮವರಿಗೆ ಹೀಗಾಗುವುದಿಲ್ಲ.

ಜ್ವರ ಬಂದಿಲ್ಲ, ತೂಕ ಇಳಿದಿಲ್ಲ. ನಮ್ಮ ಕುಟುಂಬ ವೈದ್ಯರು ರಕ್ತಕಣಗಳ ಎಣಿಕೆ, ಸೋಂಕು ಉರಿಯೂತಗಳ ಸುಳಿವು ಕೊಡುವ ಇ.ಎಸ್.ಆರ್. ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿದರು, ಎಲ್ಲವೂ ಸರಿಯಾಗಿದೆ. ವರದಿ ಕೈಗೆ ಬಂದ ದಿನ ನೆಮ್ಮದಿಯಾಗಿ ಮಲಗಿದೆ. ಆಮೇಲೆ ಬಲಗಡೆ ದವಡೆಯ ಕೆಳಗೆ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿದೆ. ಅದನ್ನು ಮುಟ್ಟಿ ನೋಡದೆ ಇರಲು ಈಗ ಆಗುತ್ತಿಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟು. ಈ ಬೆವರು ಮಾತ್ರೆಯಿಂದಲೇ ಬರುತ್ತಿರಬಹುದೇ? ಇಡೀ ದೇಹದ ಸ್ಕ್ಯಾನ್ ಮಾಡಿಸಿಕೊಂಡರೆ ಅನುಮಾನ ಪೂರ್ತಿ ಪರಿಹಾರವಾಗುತ್ತದೆಯೇ? ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಬೆವರು ನಿಲ್ಲುತ್ತದೆಯೇ ಎಂದು ನೋಡಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ
ಬರೆದವರು: ನಿವೃತ್ತ ಸರ್ಕಾರಿ ವೈದ್ಯ, ಮೈಸೂರು

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇವತ್ತು ರಾತ್ರಿಯೇ ನೀವು ತೀರ್ಮಾನಿಸಬಹುದಾದ ವಿಷಯ. ಎಸ್‌ಸಿಟಾಲೊಪ್ರಾಮನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಗಳನ್ನು ಥಟ್ಟನೆ ಬಿಟ್ಟವರಿಗೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ, ಸಿಡುಕು, ನಿದ್ರಾಹೀನತೆ ಬರಬಹುದು, ಮತ್ತು ಬೆವರೂ ಬರಬಹುದು. ಹಾಗಾದರೆ ಪರೀಕ್ಷೆಗೆಂದು ನಿಲ್ಲಿಸಿದ್ದರ ಫಲವೇ ನಿಮ್ಮನ್ನು ಇನ್ನಷ್ಟು ಗೊಂದಲಕ್ಕೆ ತಳ್ಳುತ್ತದೆ. ಪ್ರಮಾಣ ಇಳಿಸುವುದಿದ್ದರೂ ಬದಲಾಯಿಸುವುದಿದ್ದರೂ ಅದು ಬರೆದುಕೊಟ್ಟ ವೈದ್ಯರ ಮೂಲಕ, ನಿಧಾನವಾಗಿ ಆಗಬೇಕು.

ಇನ್ನು ಮೊದಲ ಪ್ರಶ್ನೆ. ಬರಬಹುದು, ಮತ್ತು ನೀವು ಹೇಳಿದ ಕಾಲಕ್ರಮ ಅದನ್ನೇ ಬಲವಾಗಿ ಸೂಚಿಸುತ್ತದೆ. ನಮ್ಮ ಮೈಯ ಶಾಖವನ್ನು ಹತೋಟಿಯಲ್ಲಿಡುವುದು ಮಿದುಳಿನ ಹೈಪೊಥಲಾಮಸ್ ಎಂಬ ಭಾಗ. ಶಾಖ ಒಂದು ಮಿತಿಯನ್ನು ದಾಟಿತೆಂದು ಅದಕ್ಕೆ ಅನ್ನಿಸಿದರೆ ನರಗಳ ಮೂಲಕ ಬೆವರಿನ ಗ್ರಂಥಿಗಳಿಗೆ ಆಜ್ಞೆ ಹೋಗುತ್ತದೆ. ಈ ಮಿತಿಯನ್ನು ನಿಗದಿ ಮಾಡುವುದರಲ್ಲಿ ಸೆರಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಗೆ ದೊಡ್ಡ ಪಾತ್ರವಿದೆ. ಎಸ್‌ಸಿಟಾಲೊಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್ ಮೊದಲಾದ ಮಾತ್ರೆಗಳು ಕೆಲಸ ಮಾಡುವುದು ಇವುಗಳ ಮೇಲೆಯೇ. ಹಾಗಾಗಿ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸರಿಸುಮಾರು ನೂರಕ್ಕೆ ಹತ್ತು ಜನರಿಗೆ ಅತಿಯಾದ ಬೆವರು ಕಾಣಿಸಿಕೊಳ್ಳುತ್ತದೆ. ತಲೆ, ಕುತ್ತಿಗೆ, ಎದೆ, ಬೆನ್ನುಗಳಲ್ಲಿ ಅದು ಹೆಚ್ಚು. ಮಾತ್ರೆ ಶುರುವಾದ ಅಥವಾ ಪ್ರಮಾಣ ಏರಿದ ವಾರಗಳಲ್ಲಿ ಆರಂಭವಾಗುತ್ತದೆ. ಓಕರಿಕೆ, ತಲೆನೋವುಗಳಂತೆ ತಾನಾಗಿ ಹೋಗಿಬಿಡದೆ ಕೆಲವರಲ್ಲಿ ಮಾತ್ರೆ ಇರುವಷ್ಟು ಕಾಲವೂ ಉಳಿಯುವುದುಂಟು.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಬರುವ ಮೈಬಿಸಿ ಮತ್ತು ಬೆವರನ್ನು ತಗ್ಗಿಸಲು ಇದೇ ಗುಂಪಿನ ಮಾತ್ರೆಗಳನ್ನು ಕೊಡುವ ಪದ್ಧತಿಯಿದೆ. ಅಮೆರಿಕದಲ್ಲಿ 2013ರಲ್ಲಿ ಪ್ಯಾರಾಕ್ಸಿಟಿನ್‌ನ ಕಡಿಮೆ ಪ್ರಮಾಣದ ಮಾತ್ರೆಗೆ ಈ ಉದ್ದೇಶಕ್ಕಾಗಿಯೇ ಅನುಮತಿ ಸಿಕ್ಕಿತು. ಒಬ್ಬರಲ್ಲಿ ಬೆವರು ತರಿಸುವ ಔಷಧ ಇನ್ನೊಬ್ಬರಲ್ಲಿ ಬೆವರು ನಿಲ್ಲಿಸುತ್ತದೆ. ನಿಮ್ಮ ವಯಸ್ಸು 43 ಆಗಿರುವುದರಿಂದ ಮುಟ್ಟಿನ ಕ್ರಮ ಬದಲಾಗಿದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿ. ಹಾಗೆಯೇ ಥೈರಾಕ್ಸಿನ್ ಪ್ರಮಾಣ ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾದರೂ ಬೆವರು, ಎದೆಬಡಿತ ಬರುತ್ತವೆ. ನೀವು ಬರೆದ ಪರೀಕ್ಷೆಗಳ ಪಟ್ಟಿಯಲ್ಲಿ ಥೈರಾಯ್ಡ್ ಮಟ್ಟ ತಿಳಿಸುವ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ಇಲ್ಲ. ಅದನ್ನು ಮಾಡಿಸಿ.

ಲಿಂಫೋಮಾದ ಮಾತಿಗೆ ಬರೋಣ. ಆ ಕಾಯಿಲೆಯ ಹಂತವನ್ನು ನಿರ್ಧರಿಸುವಾಗ ವೈದ್ಯರು ಮೂರು ಲಕ್ಷಣಗಳನ್ನು ವಿಶೇಷವಾಗಿ ಕೇಳುತ್ತಾರೆ: ಬೇರೆ ಕಾರಣವಿಲ್ಲದೆ 38 ಡಿಗ್ರಿ ಸೆಲ್ಸಿಯಸ್ ಮೀರುವ ಜ್ವರ, ಬಟ್ಟೆ ಹಾಸಿಗೆ ತೊಯ್ದುಹೋಗುವ ರಾತ್ರಿ ಬೆವರು, ಮತ್ತು ಆರು ತಿಂಗಳಲ್ಲಿ ದೇಹತೂಕದ ಶೇಕಡಾ 10ಕ್ಕಿಂತ ಹೆಚ್ಚು ಇಳಿಕೆ. 60 ಕಿಲೋ ಇರುವವರು ಯಾವ ಪ್ರಯತ್ನವೂ ಇಲ್ಲದೆ ಆರು ಕಿಲೋ ಕಳೆದುಕೊಂಡಂತೆ. ಬೆವರು ಈ ಪಟ್ಟಿಯಲ್ಲಿದೆ ಎಂಬುದನ್ನು ಮಾತ್ರ ಓದಿದವರು ಹೆದರುತ್ತಾರೆ. ಆದರೆ ಜ್ವರವಿಲ್ಲದೆ, ತೂಕ ಇಳಿಯದೆ, ಬೆಳೆಯುವ ಗಂಟಿಲ್ಲದೆ, ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಸರಿಯಿದ್ದು, ಬೆವರೊಂದೇ ಇರುವವರಲ್ಲಿ ಲಿಂಫೋಮಾ ಸಿಗುವುದು ಬಹಳ ಅಪರೂಪ. ನಮ್ಮ ನಾಡಿನಲ್ಲಿ ರಾತ್ರಿ ಬೆವರೆಂದರೆ ಲಿಂಫೋಮಾಕ್ಕಿಂತ ಮೊದಲು ಕ್ಷಯವನ್ನು ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇಂದಿಗೂ ಮೈಸೂರಿನಲ್ಲಿ ಇದೆ. ಆ ಕಾಯಿಲೆ ಅರಮನೆಯನ್ನೂ ಬಿಟ್ಟಿರಲಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಹಸಿವಿಲ್ಲದಿರುವುದು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತವಾಗಿ ಆಗುತ್ತದೆ. ನಿಮಗೆ ಅವು ಯಾವುವೂ ಇರುವಂತಿಲ್ಲ.

ದವಡೆಯ ಕೆಳಗಿನ ಗಂಟನ್ನು ಯಾರಾದರೂ ವೈದ್ಯರು ಕೈಯಿಂದ ಮುಟ್ಟಿ ನೋಡಲೇಬೇಕು. ಬರೆದದ್ದನ್ನು ಓದಿ ಯಾರೂ ಅದರ ಬಗ್ಗೆ ತೀರ್ಪು ಕೊಡಬಾರದು, ನಾನೂ ಕೊಡುವುದಿಲ್ಲ. ಅಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಮೆತ್ತಗಿರುವ, ಬೆರಳಿಗೆ ಜಾರುವ ಗ್ರಂಥಿಗಳು ಆರೋಗ್ಯವಂತರಲ್ಲೂ ಸಿಗುತ್ತವೆ, ಹಲ್ಲು ಒಸಡಿನ ಸೋಂಕಿದ್ದರಂತೂ ಸಿಕ್ಕೇ ಸಿಗುತ್ತವೆ. ಕತ್ತಿನೆಲುಬಿನ, ಅಂದರೆ ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಮೂಳೆಯ ಮೇಲ್ಭಾಗದಲ್ಲಿ ಕಾಣುವ ಗಂಟು, ಗಟ್ಟಿಯಾಗಿ ಅಲುಗಾಡದೆ ಇರುವ ಗಂಟು, ನಾಲ್ಕರಿಂದ ಆರು ವಾರವಾದರೂ ಕರಗದೆ ಬೆಳೆಯುತ್ತಲೇ ಇರುವ ಗಂಟು, ಇವುಗಳ ವಿಷಯದಲ್ಲಿ ತಡಮಾಡಬಾರದು.

ಇಡೀ ದೇಹದ ಸ್ಕ್ಯಾನ್ ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ಕ್ಯಾನ್ಸರ್ ಹುಡುಕಲು ಇಡೀ ದೇಹಕ್ಕೆ ಮಾಡುವ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಮಾತ್ರವಲ್ಲ, ಸಾಮಾನ್ಯ ಸೋಂಕು, ಉರಿಯೂತಗಳೂ ಹೊಳೆಯುತ್ತವೆ. ಅಂಥದೊಂದು ಚುಕ್ಕೆ ಕಂಡರೆ ಅದರ ಹಿಂದೆ ಮತ್ತೊಂದು ಪರೀಕ್ಷೆ, ಅದರ ಹಿಂದೆ ಸೂಜಿ ಹಾಕಿ ತುಣುಕು ತೆಗೆಸುವುದು ಶುರುವಾಗುತ್ತದೆ. ವಿಕಿರಣವೂ ಖರ್ಚೂ ಬೇರೆ.

ಒಂದು ವಿನಂತಿ. ನೀವು ತೆಗೆದುಕೊಳ್ಳುವ ಎಲ್ಲ ಔಷಧಗಳನ್ನೂ, ನೋವಿನ ಮಾತ್ರೆ, ಕೆಮ್ಮಿನ ಸಿರಪ್, ನಾಟಿ ಔಷಧ ಎನ್ನದೆ, ಇಲ್ಲಿ ಬರೆಯಿರಿ. ಬೆವರಿನ ವಿಚಾರದಲ್ಲಿ ಮುಖ್ಯವಾದ ಸುಳಿವು ಹಲವು ಸಲ ರೋಗಿ ಹೇಳಲು ಬಿಟ್ಟ ಮಾತ್ರೆಯಲ್ಲೇ ಇರುತ್ತದೆ.

ಉತ್ತರ
ಬರೆದವರು: ಗೃಹಿಣಿ, ಶ್ರೀರಂಗಪಟ್ಟಣ

ಅಕ್ಕ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನನಗೆ 2016ರಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಇರುವುದು ಗೊತ್ತಾಯಿತು. ಬೆಂಗಳೂರಿನಲ್ಲಿ ಕೀಮೋಥೆರಪಿ ಆಯಿತು, ಈಗ ಚೆನ್ನಾಗಿದ್ದೇನೆ, ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿಬರುತ್ತೇನೆ. ಈ ಕಾಯಿಲೆಯ ಹೆಸರು ಕೇಳಿದವರು ಸತ್ತವರನ್ನೇ ನೆನೆಯುತ್ತಾರೆ. ಹಾಡ್ಜ್‌ಕಿನ್ ಬಂದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ ಎಂಬುದನ್ನೂ ನೀವು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಣ್ಣನವರ ವಿಷಯ ಕೇಳಿ ದುಃಖವಾಯಿತು. ಲಿಂಫೋಮಾದಲ್ಲಿ ಹತ್ತಾರು ಬಗೆಗಳಿವೆ, ಒಂದೊಂದರ ದಾರಿಯೂ ಬೇರೆ ಎಂದು ನಮ್ಮ ವೈದ್ಯರು ವಿವರಿಸಿದ್ದರು.

ನನಗೆ ಬೆವರು ಒಂಟಿಯಾಗಿ ಬರಲಿಲ್ಲ. ಸಂಜೆಯಾಗುತ್ತಲೇ ಸಣ್ಣಗೆ ಜ್ವರ ಏರುತ್ತಿತ್ತು, ರಾತ್ರಿ ಚಳಿ ಹತ್ತಿ ಕಂಬಳಿ ಹೊದ್ದರೆ ನಡುರಾತ್ರಿ ಹಾಸಿಗೆಯ ಹೊದಿಕೆಯನ್ನೇ ಹಿಂಡುವಷ್ಟು ಬೆವರು. ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ ಕಾಲುಗಳಲ್ಲಿ ವಿಪರೀತ ತುರಿಕೆ. ರವಿಕೆಗಳು ಸಡಿಲವಾಗುತ್ತ ಬಂದವು. ಕತ್ತಿನೆಲುಬಿನ ಮೇಲೆ, ನೋವೇ ಇಲ್ಲದ ಗಂಟು ತಿಂಗಳು ಕಳೆದಂತೆ ದೊಡ್ಡದಾಯಿತು. ಮೊದಲು ಕ್ಷಯವಿರಬಹುದೆಂದು ಸೂಜಿ ಹಾಕಿ ಪರೀಕ್ಷೆ ಮಾಡಿದರು. ಅದರಲ್ಲಿ ಸ್ಪಷ್ಟವಾಗದೆ, ಆಮೇಲೆ ಇಡೀ ಗಂಟನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. ಲಿಂಫೋಮಾವನ್ನು ಖಚಿತಪಡಿಸಲು ಸಾಮಾನ್ಯವಾಗಿ ಇಡೀ ಗ್ರಂಥಿಯೋ ಅದರ ದೊಡ್ಡ ತುಣುಕೋ ಬೇಕಂತೆ, ಸೂಜಿಯಲ್ಲಿ ಬಂದಷ್ಟು ಸಾಲದಂತೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಚಿಕಿತ್ಸೆ ಮುಗಿದು ಎಲ್ಲ ಸರಿಯಾದ ಮೇಲೆ, ಒಂದು ಬೇಸಿಗೆಯಲ್ಲಿ ನನಗೆ ಮತ್ತೆ ರಾತ್ರಿ ಬೆವರತೊಡಗಿತು. ಕಾಯಿಲೆ ಮರಳಿತೆಂದು ನಾನೂ ಮನೆಯವರೂ ಕಂಗಾಲಾದೆವು. ವೈದ್ಯರು ಪರೀಕ್ಷಿಸಿ, ಕೀಮೋಥೆರಪಿಯಿಂದ ಮುಟ್ಟು ಬೇಗ ನಿಂತುಹೋದದ್ದರಿಂದ ಬಂದ ಬೆವರು ಇದು ಎಂದರು. ಒಂದೇ ಮೈಯಲ್ಲಿ ಎರಡು ಕಾರಣದ ಬೆವರನ್ನು ಕಂಡಿರುವುದರಿಂದ ಹೇಳುತ್ತೇನೆ: ಎರಡನೆಯದರ ಜೊತೆಗೆ ಜ್ವರವಿರಲಿಲ್ಲ, ತುರಿಕೆ ಇರಲಿಲ್ಲ, ಊಟ ಸೇರುತ್ತಿತ್ತು, ತೂಕ ನಿಂತಲ್ಲೇ ನಿಂತಿತ್ತು. ನನಗಾದಂತೆಯೇ ಎಲ್ಲರಿಗೂ ಆಗುತ್ತದೆಂದು ನಾನು ಹೇಳುವುದಿಲ್ಲ. ಆ ಗಂಟನ್ನು ಈ ವಾರವೇ ವೈದ್ಯರಿಗೆ ತೋರಿಸಿ.

ಉತ್ತರ
ಬರೆದವರು: ರೈತ, ಮದ್ದೂರು ತಾಲ್ಲೂಕು

ಡಾಕ್ಟರು ಮಾತ್ರೆಗಳ ಪಟ್ಟಿ ಕೇಳಿದ್ದರಿಂದ ನಮ್ಮ ಮನೆಯ ಅನುಭವವೊಂದನ್ನು ಸೇರಿಸುತ್ತೇನೆ. ಮೇಡಂ ಅವರಿಗೆ ಸಕ್ಕರೆ ಕಾಯಿಲೆ ಇಲ್ಲದಿರಬಹುದು, ಆದರೆ ಇದನ್ನು ಓದುವ ಬೇರೆಯವರಿಗೆ ಇರಬಹುದು. ನಮ್ಮ ತಂದೆಯವರಿಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿತ್ತು. ಸಂಜೆ ಗದ್ದೆಯಿಂದ ಬಂದು ಮುದ್ದೆ ಅರ್ಧಕ್ಕೇ ಬಿಟ್ಟು ಮಲಗಿದ ದಿನಗಳಲ್ಲಿ ನಡುರಾತ್ರಿ ಬೆವರಿನಲ್ಲಿ ಮಿಂದು, ಕೈ ನಡುಗಿ, ಏನೇನೋ ಕನವರಿಸಿ ಏಳುತ್ತಿದ್ದರು. ಮಂಡ್ಯದ ವೈದ್ಯರು ರಾತ್ರಿ ಎರಡು ಮೂರು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಲು ಹೇಳಿದರು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದನ್ನು ಕಲಿಸಿದರು, ಮಾತ್ರೆಯ ಪ್ರಮಾಣವನ್ನೂ ಇಳಿಸಿದರು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆಯವರ ರಾತ್ರಿ ಬೆವರನ್ನು ಸೆಕೆ ಎಂದು ಬಿಟ್ಟುಬಿಡಬಾರದು.

ಉತ್ತರ
ಬರೆದವರು: ಶಿಕ್ಷಕಿ, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ಶ್ರೀರಂಗಪಟ್ಟಣದ ತಂಗಿಯ ಬರಹವನ್ನು ಮತ್ತೆ ಮತ್ತೆ ಓದಿದೆ, ನಮ್ಮವರಿಗೂ ಓದಿ ಹೇಳಿದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಡಾಕ್ಟರೇ, ನೀವು ಹೇಳಿದಂತೆ ಎಲ್ಲ ಚೀಟಿಗಳನ್ನೂ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಥೈರಾಕ್ಸಿನ್ 75, ಎಸ್‌ಸಿಟಾಲೊಪ್ರಾಮ್ 10, ಮಧ್ಯಾಹ್ನ ಕ್ಯಾಲ್ಸಿಯಂ. ಇವಲ್ಲದೆ, ದಿನವಿಡೀ ನಿಂತು ಪಾಠ ಮಾಡುವುದರಿಂದ ಬಂದಿರುವ ಸೊಂಟನೋವಿಗೆ ಮೂಳೆ ವೈದ್ಯರೊಬ್ಬರು ಟ್ರಾಮಡಾಲ್ ಮತ್ತು ಪ್ಯಾರಸಿಟಮಾಲ್ ಸೇರಿರುವ ಮಾತ್ರೆಯನ್ನು ನೋವು ಹೆಚ್ಚಿದ ದಿನ ರಾತ್ರಿ ತೆಗೆದುಕೊಳ್ಳಲು ಬರೆದುಕೊಟ್ಟಿದ್ದಾರೆ. ಈ ಬೇಸಿಗೆಯಲ್ಲಿ ವಾರದಲ್ಲಿ ಹಲವು ರಾತ್ರಿ ಅದನ್ನು ತೆಗೆದುಕೊಂಡಿದ್ದೇನೆ. ಇದಕ್ಕೂ ಬೆವರಿಗೂ ಸಂಬಂಧವಿರಬಹುದೇ?

ಉತ್ತರ
ಬರೆದವರು: ನಿವೃತ್ತ ಸರ್ಕಾರಿ ವೈದ್ಯ, ಮೈಸೂರು

ಇದೆ ಮೇಡಂ, ನಿಕಟವಾದ ಸಂಬಂಧವೇ ಇದೆ. ಟ್ರಾಮಡಾಲ್ ಒಂಟಿಯಾಗಿಯೂ ಬೆವರು ತರಿಸುವ ಔಷಧ. ಅದು ನೋವನ್ನು ತಗ್ಗಿಸುವುದರ ಜೊತೆಗೆ ಸೆರಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೂ ಕೆಲಸ ಮಾಡುತ್ತದೆ. ಎಸ್‌ಸಿಟಾಲೊಪ್ರಾಮ್ ಇರುವ ಮೈಗೆ ಟ್ರಾಮಡಾಲ್ ಸೇರಿದರೆ ಸೆರಟೋನಿನ್ ಪ್ರಭಾವ ಮಿತಿಮೀರುವ ಸಾಧ್ಯತೆ ಇರುತ್ತದೆ. ಅದರ ಸೌಮ್ಯ ರೂಪದಲ್ಲಿ ಬೆವರು, ಕೈನಡುಕ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ. ತೀವ್ರವಾದಾಗ ಜೋರು ಜ್ವರ, ಸ್ನಾಯುಗಳ ಬಿಗಿತ ಮತ್ತು ಸೆಳೆತ, ಭೇದಿ, ಮನಸ್ಸಿನ ಗೊಂದಲ ಬರುತ್ತವೆ. ಆಗ ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಎರಡೂ ಸೇರಿದಾಗ ಫಿಟ್ಸ್ ಬರುವ ಅಪಾಯವೂ ಸ್ವಲ್ಪ ಹೆಚ್ಚು. ಕೆಮ್ಮಿನ ಸಿರಪ್ಪುಗಳಲ್ಲಿ ಇರುವ ಡೆಕ್ಸ್ಟ್ರೋಮೆಥಾರ್ಫಾನ್ ಬಗ್ಗೆಯೂ ಇದೇ ಎಚ್ಚರಿಕೆ.

ಗಾಬರಿಯಾಗಬೇಡಿ. ಈ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರೆಲ್ಲರಿಗೂ ತೊಂದರೆಯಾಗುವುದಿಲ್ಲ, ನಿಮ್ಮಲ್ಲಿ ತೀವ್ರ ಲಕ್ಷಣಗಳೂ ಕಾಣುತ್ತಿಲ್ಲ. ಆದರೆ ಸೊಂಟನೋವಿಗೆ ಬೇರೆ ಪರಿಹಾರಗಳಿವೆ, ಟ್ರಾಮಡಾಲೇ ಆಗಬೇಕೆಂದಿಲ್ಲ. ನೀವು ಅದನ್ನು ಪ್ರತಿದಿನ ತೆಗೆದುಕೊಳ್ಳುತ್ತಿಲ್ಲ, ನೋವಿದ್ದಾಗ ಮಾತ್ರ ಎಂದಿದ್ದೀರಿ. ಆದ್ದರಿಂದ ನಾಳೆಯೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ, ಎರಡೂ ಮಾತ್ರೆಗಳ ಹೆಸರು ಹೇಳಿ, ಅವರ ಉತ್ತರ ಸಿಗುವವರೆಗೆ ಹೊಸದಾಗಿ ಟ್ರಾಮಡಾಲ್ ತೆಗೆದುಕೊಳ್ಳಬೇಡಿ. ಬೆವರಿದ ರಾತ್ರಿಗಳನ್ನೂ ನೋವಿನ ಮಾತ್ರೆ ತೆಗೆದುಕೊಂಡ ರಾತ್ರಿಗಳನ್ನೂ ಒಂದೇ ಹಾಳೆಯಲ್ಲಿ ಗುರುತು ಮಾಡಿಕೊಂಡು ಹೋದರೆ ಅವರಿಗೆ ತೀರ್ಮಾನ ಸುಲಭವಾಗುತ್ತದೆ.

ಟ್ರಾಮಡಾಲ್ ಬಿಟ್ಟ ಮೇಲೂ ಬೆವರು ಉಳಿದರೆ ಎಸ್‌ಸಿಟಾಲೊಪ್ರಾಮ್ ಪ್ರಮಾಣವನ್ನು ಇಳಿಸುವುದೋ, ಬೆವರು ಕಡಿಮೆ ತರಿಸುವ ಇನ್ನೊಂದು ಮಾತ್ರೆಗೆ ಬದಲಾಯಿಸುವುದೋ, ಬೆವರನ್ನು ತಗ್ಗಿಸುವ ಮಾತ್ರೆಯೊಂದನ್ನು ಸೇರಿಸುವುದೋ ಅವರ ಕೈಯಲ್ಲಿದೆ. ರಾತ್ರಿಯ ಬದಲು ಬೆಳಿಗ್ಗೆ ತೆಗೆದುಕೊಂಡರೆ ಕೆಲವರಿಗೆ ಅನುಕೂಲವಾಗುತ್ತದೆ. ಆದರೆ ಈ ಮಾತ್ರೆಯ ಅರ್ಧದಷ್ಟು ಅಂಶ ದೇಹದಿಂದ ಹೊರಹೋಗಲು ಸುಮಾರು 30 ಗಂಟೆ ಬೇಕಾಗುವುದರಿಂದ, ಹೊತ್ತು ಬದಲಾಯಿಸಿದ ಮಾತ್ರಕ್ಕೆ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಉತ್ತರ
ಬರೆದವರು: ಆಪ್ತಸಮಾಲೋಚಕಿ, ಮೈಸೂರು

ಬೆವರಿನ ಕಾರಣದ ಬಗ್ಗೆ ಡಾಕ್ಟರು ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ. ಮೇಡಂ, ನಿಮ್ಮ ಪ್ರಶ್ನೆಯ ನಡುವೆ ಬಂದುಹೋದ ಎರಡು ವಾಕ್ಯಗಳ ಬಗ್ಗೆ ಬರೆಯುತ್ತೇನೆ. ವರದಿ ಬಂದ ದಿನ ನೆಮ್ಮದಿಯಾಗಿ ಮಲಗಿದೆ ಎಂದಿರಿ, ಆಮೇಲೆ ಗಂಟು ಸಿಕ್ಕಿತು ಎಂದಿರಿ. ಕಾಯಿಲೆಯ ಭಯದಿಂದ ಬಳಲುವವರಲ್ಲಿ ನಾನು ಮತ್ತೆ ಮತ್ತೆ ಕಾಣುವ ಕ್ರಮ ಇದೇ. ಒಂದು ಪರೀಕ್ಷೆ ಭಯವನ್ನು ಕೆಲವು ದಿನ ತಣಿಸುತ್ತದೆ. ಆ ಪರೀಕ್ಷೆ ನೋಡದೆ ಬಿಟ್ಟ ಭಾಗ ಯಾವುದೆಂದು ಮನಸ್ಸು ಹುಡುಕಲು ಹೊರಡುತ್ತದೆ, ಹುಡುಕಿದವರಿಗೆ ಮೈಯಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಪೆಟ್ ಸ್ಕ್ಯಾನ್ ಮಾಡಿಸಿದರೂ ಅದು ತೆಗೆದ ದಿನದ ಚಿತ್ರ, ನಾಳೆಯದಲ್ಲ ಎಂದು ಭಯ ವಾದಿಸುತ್ತದೆ. ಆದ್ದರಿಂದ ಸ್ಕ್ಯಾನ್ ಅನುಮಾನವನ್ನು ಪೂರ್ತಿ ಪರಿಹರಿಸುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಇಲ್ಲ.

ಹಾಗೆಂದು ಇದೆಲ್ಲ ನಿಮ್ಮ ಕಲ್ಪನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆವರು ನಿಜ, ಗಂಟು ನಿಜ, ಅಣ್ಣನ ಸಾವು ನಿಜ. ಒಂದು ಸಲ ವೈದ್ಯರಿಂದ ಪೂರ್ಣವಾಗಿ ತಪಾಸಣೆ ಆಗಲೇಬೇಕು. ಅದಾದ ನಂತರ ಮುಂದಿನ ತಪಾಸಣೆ ಯಾವಾಗ ಎಂಬುದನ್ನು ಅವರೇ ದಿನ ಗೊತ್ತುಮಾಡಿ ಹೇಳಲಿ, ಆ ದಿನದವರೆಗೆ ಗಂಟಿನ ಹೊಣೆ ಅವರದು, ನಿಮ್ಮ ಬೆರಳುಗಳದ್ದಲ್ಲ. ದಿನವೂ ಒತ್ತಿ ನೋಡುತ್ತಿದ್ದರೆ ಆ ಜಾಗ ನೋಯುತ್ತದೆ, ಸುತ್ತಲಿನ ಚರ್ಮ ಮಾಂಸ ಊದಿಕೊಂಡಂತಾಗುತ್ತದೆ, ಆ ನೋವು ಊತಗಳೇ ಹೊಸ ಲಕ್ಷಣಗಳಾಗಿ ಹೆದರಿಸುತ್ತವೆ. ಮುಟ್ಟಿ ನೋಡಬೇಕೆಂಬ ತವಕ ಬಂದಾಗ ಅದನ್ನು ಗದರಿಸಿ ಓಡಿಸಲು ಹೋಗಬೇಡಿ, ಅರ್ಧ ಗಂಟೆಯ ಮಟ್ಟಿಗೆ ಮುಂದಕ್ಕೆ ಹಾಕಿ. ಆ ಅರ್ಧ ಗಂಟೆಯಲ್ಲಿ ಭಯ ಏರಿ, ತಾನಾಗಿ ಇಳಿಯುವುದನ್ನು ನೀವೇ ಕಾಣುತ್ತೀರಿ. ಮೊದಮೊದಲು ಕಷ್ಟವಾಗುತ್ತದೆ. ಮನೆಯವರನ್ನು ಇದು ಕ್ಯಾನ್ಸರ್ ಇರಲಾರದು ಅಲ್ಲವೇ ಎಂದು ಕೇಳುವುದೂ, ನಡುರಾತ್ರಿ ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುವುದೂ ಇದೇ ತವಕದ ಬೇರೆ ರೂಪಗಳು. ಎರಡು ಗಂಟೆಗೆ ಬೆವರಿ ಎದ್ದಾಗ ಬಟ್ಟೆ ಬದಲಾಯಿಸಿ, ಮುಖ ತೊಳೆದು, ನೀರು ಕುಡಿದು ಮತ್ತೆ ಮಲಗಿ. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ.

ದೊಡ್ಡಮ್ಮನ ಮಗನಿಗೆ ಬಂದದ್ದು ತನಗೂ ಬರುತ್ತದೆ ಎಂಬ ಲೆಕ್ಕ ಈ ಕಾಯಿಲೆಯಲ್ಲಿ ಕೂಡುವುದಿಲ್ಲ. ಒಡಹುಟ್ಟಿದವರಲ್ಲಿ ಲಿಂಫೋಮಾದ ಸಾಧ್ಯತೆ ಸ್ವಲ್ಪ ಹೆಚ್ಚೆಂದು ವೈದ್ಯರು ಹೇಳುತ್ತಾರೆ, ಅವರಲ್ಲೂ ಅದು ಅಪರೂಪವೇ. ಆದರೆ ನಿಮ್ಮ ಭಯ ಹುಟ್ಟಿದ್ದು ಲೆಕ್ಕದಿಂದಲ್ಲ, ಅಣ್ಣನನ್ನು ಕಳೆದುಕೊಂಡ ದುಃಖದಿಂದ ಎಂದು ನನಗೆ ತೋರುತ್ತದೆ. ಅದರ ಬಗ್ಗೆ ಯಾರೊಂದಿಗಾದರೂ ಬಿಚ್ಚಿ ಮಾತನಾಡಿದ್ದೀರಾ? ಮಾತ್ರೆಯ ಜೊತೆಗೆ, ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳುವ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆ ಕಾಯಿಲೆಯ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಮನೋವೈದ್ಯರನ್ನೇ ಕೇಳಿದರೆ ಮೈಸೂರಿನಲ್ಲಿ ಯಾರ ಬಳಿ ಹೋಗಬೇಕೆಂದು ತಿಳಿಸುತ್ತಾರೆ. ರಾತ್ರಿ ಹೊತ್ತಿನಲ್ಲಿ ಭಯ ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉತ್ತರ
ಬರೆದವರು: ಶಿಕ್ಷಕಿ, ಮಂಡ್ಯ

ಬರೆಯಲು ತಡವಾಯಿತು, ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಕೊಂಡಿದ್ದೆ. ಮನೋವೈದ್ಯರು ಫೋನಿನಲ್ಲೇ ಟ್ರಾಮಡಾಲ್ ನಿಲ್ಲಿಸಲು ಹೇಳಿ, ಸೊಂಟನೋವಿಗೆ ಬರಿಯ ಪ್ಯಾರಸಿಟಮಾಲ್ ಮತ್ತು ಫಿಸಿಯೋಥೆರಪಿ ಸೂಚಿಸಿದರು. ಎಸ್‌ಸಿಟಾಲೊಪ್ರಾಮ್ ಸದ್ಯಕ್ಕೆ ಹಾಗೆಯೇ ಮುಂದುವರಿದಿದೆ. ಹಾಳೆಯಲ್ಲಿ ಗುರುತು ಹಾಕಿದಾಗ ಹೆಚ್ಚು ಬೆವರಿದ ರಾತ್ರಿಗಳಲ್ಲಿ ಬಹುಪಾಲು ನೋವಿನ ಮಾತ್ರೆಯ ರಾತ್ರಿಗಳೇ ಆಗಿದ್ದವು. ಈಗ ಬೆವರು ಪೂರ್ತಿ ಹೋಗಿಲ್ಲ, ಆದರೆ ನೈಟಿ ಬದಲಾಯಿಸುವ ಮಟ್ಟದ್ದಲ್ಲ. ಟಿ.ಎಸ್.ಎಚ್. ಸರಿಯಾದ ಮಿತಿಯಲ್ಲೇ ಇದೆ.

ಗಂಟನ್ನು ಕುಟುಂಬ ವೈದ್ಯರು ನೋಡಿದರು. ಚಿಕ್ಕದು, ಜಾರುತ್ತದೆ, ಅದೇ ಕಡೆಯ ದವಡೆಹಲ್ಲು ಹುಳುಕಾಗಿದೆ ಎಂದು ಹೇಳಿ ದಂತವೈದ್ಯರ ಬಳಿ ಕಳಿಸಿದರು. ಹಲ್ಲಿನ ಚಿಕಿತ್ಸೆ ನಡೆಯುತ್ತಿದೆ. ಆರು ವಾರಗಳ ನಂತರ ಮತ್ತೆ ತೋರಿಸಬೇಕು. ಭಯ ಹೋಗಿದೆ ಎಂದು ಹೇಳಲಾರೆ; ಸಂಜೆಯ ಹೊತ್ತು ಕೈ ತಾನಾಗಿ ದವಡೆಯ ಕಡೆಗೆ ಹೋಗುತ್ತದೆ. ಮುಂದಕ್ಕೆ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಅಣ್ಣನ ಬಗ್ಗೆ ಅತ್ತಿಗೆಯ ಜೊತೆ ಕುಳಿತು ಮಾತನಾಡಿದೆ, ಇಬ್ಬರೂ ಅತ್ತೆವು. ಮುಂದಿನ ವಾರದಿಂದ ಸಿ.ಬಿ.ಟಿ.ಗೆ ಹೋಗುತ್ತೇನೆ.

ಉತ್ತರ
ಬರೆದವರು: ನಿವೃತ್ತ ಸರ್ಕಾರಿ ವೈದ್ಯ, ಮೈಸೂರು

ಒಳ್ಳೆಯದಾಯಿತು ಮೇಡಂ. ಪ್ಯಾರಸಿಟಮಾಲ್ ಪ್ರಮಾಣವನ್ನು ಚೀಟಿಯಲ್ಲಿ ಬರೆದಷ್ಟಕ್ಕೇ ನಿಲ್ಲಿಸಿ. ಶೀತ ಜ್ವರದ ಮಾತ್ರೆಗಳಲ್ಲೂ ಅದು ಸೇರಿರುವುದರಿಂದ ಗೊತ್ತಿಲ್ಲದೆ ಎರಡೆರಡು ಸಲ ಹೋಗುವುದುಂಟು. ಹಲ್ಲಿನ ಚಿಕಿತ್ಸೆ ಮಾಡುವವರಿಗೂ ಎಸ್‌ಸಿಟಾಲೊಪ್ರಾಮ್ ವಿಷಯ ತಿಳಿಸಿ, ಅವರು ನೋವಿಗೆ ಮತ್ತೆ ಟ್ರಾಮಡಾಲನ್ನೇ ಬರೆಯಬಾರದು. ಅದೂ ಅಲ್ಲದೆ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳನ್ನು ಈ ಮಾತ್ರೆಯೊಂದಿಗೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ, ಅದನ್ನೂ ಕೇಳಿಕೊಳ್ಳಿ. ಆರು ವಾರ ತುಂಬುವ ಮುಂಚೆ ಜ್ವರ ಬಂದರೆ, ತೂಕ ಇಳಿದರೆ ಅಥವಾ ಗಂಟು ಕಣ್ಣಿಗೆ ಕಾಣುವಷ್ಟು ಬೆಳೆದರೆ ದಿನಕ್ಕಾಗಿ ಕಾಯದೆ ಹೋಗಿ. ಇಲ್ಲವಾದರೆ ಅವರು ಹೇಳಿದ ದಿನವೇ ಸಾಕು.